ಕುಳ್ಳಮ್ಮನ ತಿಪ್ಪೆಗೆ ಬಿದ್ದ ಕಣ್ಣು

“ಕುಳ್ಳಮ್ಮಂಗೆ ಸ್ವರ್ಗದಲ್ಲಿ ಜಾಗ ಕೊಟ್ರೂ, ಇಲ್ಲಿ ತಿಪ್ಪೆ ಯಾವ ಮೂಲೇಲೈತೆ ಅಂತ ಕೇಳ್ತಾಳೆ” ಎನ್ನುತ್ತಿದ್ದರು ಸಂತೆಬಾಚಹಳ್ಳಿಯ ಅಕ್ಕಪಕ್ಕದವರು. ಎಲ್ಲರಿಗಿಂತ ಹೆಚ್ಚಾಗಿ ಎನ್ನುತ್ತಿದ್ದವಳು ಗೋಡೆಯಾಚೆಯ ಚಲುವಮ್ಮ. ಕುಳ್ಳಮ್ಮನಿಗೆ ಕೇಳಲೆಂದೇ ಗೋಡೆಯ ಹತ್ತಿರ ಬಂದು ಹೇಳುತ್ತಿದ್ದಳು.

ಮಾತು ಸುಳ್ಳೇನಲ್ಲ. ಗಂಡ ಬೇಗ ತೀರಿಕೊಂಡ, ಹೊಲವಿರಲಿಲ್ಲ. ಕುಳ್ಳಮ್ಮನಿಗೆ ಉಳಿದದ್ದು ಒಂದು ಪೊರಕೆ, ಸಂತೆಮಾಳದ ಪಕ್ಕದ ಒಂದು ತಿಪ್ಪೆಗುಂಡಿ. ಸಂತೆಯ ಮರುದಿನ ಮಾಳ ಗುಡಿಸಿ, ಕೊಳೆತ ಟೊಮೇಟೊ, ಕೋಸಿನ ಎಲೆ, ಬಾಳೆದಿಂಡು, ಎತ್ತಿನ ಸಗಣಿ ಎಲ್ಲವನ್ನೂ ಗುಂಡಿಗೆ ಸುರಿಯುವಳು. ಬೇಸಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು ಗೊಬ್ಬರ ತುಂಬಿಕೊಂಡು, ಬದಲಿಗೆ ರಾಗಿ ಅಳೆದು ಹೋಗುವರು. ದೀಪಾವಳಿಯಲ್ಲಿ ಉಳಿದವರು ತಿಪ್ಪೆಯ ಮೇಲೊಂದು ಹಣತೆ ಇಟ್ಟು ಮನೆಗೆ ಓಡಿದರೆ, ಇವಳು ಅದು ಆರುವವರೆಗೂ ಅಲ್ಲೇ ಕೂತಿರುವಳು.

ಆಮೇಲೆ ಸಂತೆಗೆ ಪ್ಲಾಸ್ಟಿಕ್ ಕವರು ಬಂತು. ತೊಂಬತ್ತಮೂರು, ತೊಂಬತ್ತನಾಲ್ಕರ ಮಾತು. ಕುಕ್ಕೆ ಹಿಡಿದು ಬರುತ್ತಿದ್ದವರು ಕೈಬೀಸಿಕೊಂಡು ಬಂದು ನಾಲ್ಕು ಕವರು ನೇತಾಡಿಸಿಕೊಂಡು ಹೋಗತೊಡಗಿದರು. ಕುಳ್ಳಮ್ಮನ ಗೊಬ್ಬರ ಹರಡಿದ ಹೊಲದಲ್ಲಿ ರಾಗಿಗಿಂತ ಮೊದಲು ಕವರು ತಲೆಯೆತ್ತಿತು. ಗಾಡಿಗಳು ಬರುವುದು ನಿಂತಿತು. ಕವರುಗಳು ಹಾರಿ ಹಾರಿ ಪಂಚಾಯಿತಿ ಮೆಂಬರು ದಾಸಯ್ಯನ ಜಗುಲಿಯನ್ನೂ ಮುಟ್ಟಿದವು.

“ಯುಗಾದಿ ಒಳ್ಗೆ ಈ ಗುಂಡಿ ಮುಚ್ಚಿಸ್ಬುಡ್ತೀನಿ ಕಣಮ್ಮಿ” ಎಂದ ದಾಸಯ್ಯ.

“ಮುಚ್ಸಿ. ಅದ್ರೊಳ್ಗೆ ನನ್ನೂ ಕೂರ್ಸ್ಬುಟ್ಟು ಮುಚ್ಸಿ” ಎಂದಳು ಕುಳ್ಳಮ್ಮ.

ಆ ದೀಪಾವಳಿ ಕಳೆದ ಮೇಲೆ ಕೃಷಿ ವಿಶ್ವವಿದ್ಯಾನಿಲಯದ ಮೇಷ್ಟ್ರು ಮಹದೇವಸ್ವಾಮಿ ಹತ್ತು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಮೂರು ತಿಂಗಳ ಮಟ್ಟಿಗೆ ಊರಿಗೆ ಬಂದರು. ಕಸವನ್ನು ಗೊಬ್ಬರ ಮಾಡಿ ತೋರಿಸುವುದು ಅವರ ಪಾಠ. ತೋರಿಸಲು ಯಾರೂ ಜಾಗ ಕೊಡಲಿಲ್ಲ, ಕುಳ್ಳಮ್ಮ ಕರೆದಳು. ವಿದ್ಯಾರ್ಥಿಗಳು ಗುಂಡಿಯ ಕವರನ್ನೆಲ್ಲ ಆರಿಸಿ ತೆಗೆದರು. ಕಸ, ಸಗಣಿ ಪದರ ಪದರವಾಗಿ ಹಾಸಿದರು. ಬಿಸಿ ಇಳಿದ ಮೇಲೆ ಮೇಷ್ಟ್ರು ಒಂದು ಮಡಕೆ ಎರೆಹುಳು ಬಿಟ್ಟು, “ನೆರಳಿರಲಿ, ತೇವ ಇರಲಿ. ಮಿಕ್ಕಿದ್ದು ಇವೇ ನೋಡ್ಕೊಳ್ತವೆ” ಎಂದು ಒಂದು ವಾರ ಬೇರೆ ಊರಿನ ಕೆಲಸಕ್ಕೆ ಹೋದರು.

ಬೀದಿಗೆ ಬೀದಿಯೇ ನೋಡಲು ಬಂತು. ಚಲುವಮ್ಮ ಬಗ್ಗಿ ನೋಡಿದಳು. “ದನ ಕಟ್ಟೋರ್ನ ಕಂಡಿದ್ದೆ, ಉಳ ಸಾಕೋಳ್ನ ಇವತ್ತೇ ಕಂಡಿದ್ದು. ಏನ್ ಮೈ ತುಂಬ್ಕೊಂಡವೆ ನೋಡ್ರೇ.”

ಆ ಮಾತು ಕುಳ್ಳಮ್ಮನ ಎದೆಗೆ ನಾಟಿತು. ಹಾಲು ಕರೆಯುವ ಎಮ್ಮೆಗೆ ಕಣ್ಣು ಬಿದ್ದರೆ ಏನು ಮಾಡುತ್ತೇವೋ ಅದನ್ನೇ ಮಾಡಿದಳು. ಎಮ್ಮೆಗಾದರೆ ಹಿಡಿ ಉಪ್ಪು ಸಾಕು. ಇಲ್ಲಿ ಊರಿಗೂರೇ ನೋಡಿದೆಯಲ್ಲ ಎಂದು ಒಂದು ಮೊರ ಕಲ್ಲುಪ್ಪು, ಮೇಲೊಂದಿಷ್ಟು ಒಣಮೆಣಸಿನಕಾಯಿ ಇಟ್ಟುಕೊಂಡು ಮೂರು ಸುತ್ತು ನಿವಾಳಿಸಿದಳು. ಒಲೆಗೆ ಹಾಕಬೇಕಾದ್ದನ್ನು, ಚೆನ್ನಾಗಿ ತಾಕಲಿ ಎಂದು ಗುಂಡಿಗೇ ಎರಚಿ ನೀರು ಚಿಮುಕಿಸಿದಳು.

ಮೇಷ್ಟ್ರು ಬಂದು ಕೆದಕಿದರೆ ಒಂದು ಹುಳುವೂ ಮಿಸುಕಲಿಲ್ಲ.

“ಉಪ್ಪು ಯಾರಮ್ಮ ಹಾಕಿದ್ದು?”

“ನಾನೇ ಕಣಪ್ಪ. ಕಣ್ಣಾಗಿತ್ತು.”

ವಿದ್ಯಾರ್ಥಿಗಳು ತುಟಿ ಕಚ್ಚಿ ನಗು ನುಂಗಿದರು. ಮೇಷ್ಟ್ರು ನಗಲಿಲ್ಲ. “ಉಪ್ಪು ತಾಕಿದ್ರೆ ಇವು ಬದುಕಲ್ಲ. ನಾನು ಮೊದಲೇ ಹೇಳಬೇಕಾಗಿತ್ತು. ಇನ್ನೊಂದು ಮಡಕೆ ತರ್ತೀನಿ, ಬಿಡಿ.”

“ತತ್ತೀರ ಸರಿ. ಕಣ್ಣಿಗೇನ್ ಮಾಡ್ಲಿ?”

ಕಣ್ಣಿಗೆ ಮದ್ದು ವಿಶ್ವವಿದ್ಯಾನಿಲಯದ ಪಾಠದಲ್ಲಿರಲಿಲ್ಲ. ಕುಳ್ಳಮ್ಮನೇ ಹುಡುಕಿದಳು. ಉಪ್ಪಿನ ಕಸವನ್ನು ಹೊರಗೆ ಹಾಕಿ ಗುಂಡಿ ಹೊಸದಾಗಿ ತುಂಬಿಸಿದ ದಿನವೇ, ಗಂಡನ ಹಳೇ ಅಂಗಿಯ ಒಳಗೆ ಆರಿಸಿಟ್ಟ ಕವರುಗಳನ್ನೆಲ್ಲ ತುರುಕಿ ದೃಷ್ಟಿಬೊಂಬೆ ಮಾಡಿ ನಿಲ್ಲಿಸಿದಳು. ತಲೆಗೆ ಹುಳು ತಂದಿದ್ದ ಮಡಕೆಯನ್ನೇ ಬೋರಲು ಹಾಕಿ, ಮಸಿ ಬಳಿದು, ಸುಣ್ಣದಲ್ಲಿ ಮೀಸೆ ಎಳೆದಳು.

ಸಂತೆಯ ದಿನ ಬೊಂಬೆಯ ಪಕ್ಕದಲ್ಲಿ ಕೂತು, ಕವರು ಹಿಡಿದವರನ್ನೆಲ್ಲ ಕರೆಯುವಳು. “ಬಾ ಇಲ್ಲಿ. ಸೊಪ್ಪು ಸೆರಗಿಗೆ ಕಟ್ಕೊ, ಕವರು ಇವನೊಟ್ಟೆಗೆ ಆಕು. ಅಸ್ಕೊಂಡವ್ನೆ.”

ವಾರ ವಾರಕ್ಕೂ ಬೊಂಬೆಯ ಹೊಟ್ಟೆ ಮುಂದೆ ಬಂತು. ಥೇಟು ದಾಸಯ್ಯ ಎಂದರು ಯಾರೋ. ಆಮೇಲೆ ಅದನ್ನು ನೋಡಲೆಂದೇ ಜನ ಬಂದರು. ಕುಳ್ಳಮ್ಮನ ಬಾಯಿಗೆ ಹೆದರಿ ಹೆಂಗಸರು ಅಟ್ಟದಿಂದ ಕುಕ್ಕೆ ಇಳಿಸಿದರು, ಗಂಡಸರು ಟವೆಲ್ಲು ಹಾಸಿ ಬದನೆಕಾಯಿ ಕಟ್ಟಿಕೊಂಡರು.

ಯುಗಾದಿಗೆ ಮೂರು ದಿನವಿದ್ದಾಗ ದಾಸಯ್ಯ ನಾಲ್ಕು ಆಳು, ನಾಲ್ಕು ಗುದ್ದಲಿ ತಂದು ನಿಂತ. ಕುಳ್ಳಮ್ಮ ಗುಂಡಿಯಿಂದ ಒಂದು ಬೊಗಸೆ ತೆಗೆದು ಅವನ ಕೈಗೆ ಸುರಿದಳು. ಟೀಪುಡಿಯಂಥ ಗೊಬ್ಬರ. ದಾಸಯ್ಯ ಮೂಗಿಗೆ ಹಿಡಿದ. ಉತ್ತ ಹೊಲದ ವಾಸನೆ ಬಿಟ್ಟರೆ ಬೇರೆ ಇಲ್ಲ. ಬೆರಳಾಡಿಸಿ ಕವರು ಹುಡುಕಿದ, ಸಿಗಲಿಲ್ಲ. ಬೊಂಬೆಯನ್ನು ನೋಡಿದ.

“ಮೀಸೆ ನಂದೇ ಬರ್ದಿದ್ದೀಯಾ?”

“ನಿಮ್ದು ಇನ್ನೂ ದಪ್ಪ ಬುಡಿ.”

ಗುದ್ದಲಿ ತಂದವರೇ ಮೊದಲ ಗಾಡಿ ತುಂಬಿದರು. ಗಾಡಿ ಹೋದದ್ದು ದಾಸಯ್ಯನ ಹೊಲಕ್ಕೆ.

ಮರುವರ್ಷ ಪಾಂಡವಪುರ, ನಾಗಮಂಗಲದ ಕಡೆಯಿಂದ ಹೆಂಗಸರು ಒಂದೊಂದು ಮಡಕೆ ಹುಳು ಕೇಳಿಕೊಂಡು ಬಂದರು. ವಿಶ್ವವಿದ್ಯಾನಿಲಯದವರು ಜೀಪು ಕಳಿಸಿ ಕುಳ್ಳಮ್ಮನನ್ನೇ ಪಾಠಕ್ಕೆ ಕರೆಸಿಕೊಂಡರು. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದು. “ಮೊದಲ್ನೇ ಮಾತು, ಉಪ್ಪು ಆಕ್ಬ್ಯಾಡಿ. ಮಿಕ್ಕಿದ್ದು ನಿಮ್ ಮೇಷ್ಟ್ರು ಯೋಳ್ತಾರೆ” ಎಂದಳು. ನೂರು ಜನ ತಲೆ ಬಗ್ಗಿಸಿ ಬರೆದುಕೊಂಡರು.

ತೊಂಬತ್ತೊಂಬತ್ತರಲ್ಲಿ ಎರಡೇ ದಿನದ ಜ್ವರಕ್ಕೆ ಕುಳ್ಳಮ್ಮ ತೀರಿಕೊಂಡಳು. ಯಾರೋ ಹೂವು, ಪುರಿ ಕವರಿನಲ್ಲಿ ತಂದರು. ಚಲುವಮ್ಮ ಅದನ್ನು ಕಿತ್ತುಕೊಂಡು ಮೊರಕ್ಕೆ ಸುರಿದು, ಕವರನ್ನು ಸೆರಗಿಗೆ ಸಿಕ್ಕಿಸಿದಳು. “ಬೊಂಬೆ ಒಟ್ಟೆಗೆ ಆಕ್ತೀನಿ. ಅವ್ಳು ಎದ್ದು ಬಯ್ಯೋದ್ ಬ್ಯಾಡ.”

ಚಟ್ಟಕ್ಕೆ ಮುಂದಿನ ಹೆಗಲು ದಾಸಯ್ಯನದು. ಕುಳ್ಳಮ್ಮ ಕೊನೆಯ ಸಲ ಹೊಸ್ತಿಲು ದಾಟಿದಳು. ಸುಡುಗಾಡಿನ ದಾರಿ ಬಲಕ್ಕಿತ್ತು. ದಾಸಯ್ಯ ಯಾರನ್ನೂ ಕೇಳದೆ ಮೊದಲು ಎಡಕ್ಕೆ, ತಿಪ್ಪೆಯ ಕಡೆಗೆ ತಿರುಗಿದ.