ಗೌಂಡಿ ಕಾಕಾನ ಹೆಬ್ಬೆರಳು

ತಪ್ಪು ನನ್ನದೇ. ಗೋಪನಕೊಪ್ಪದಲ್ಲಿ ಮನೆ ಕಟ್ಟುತ್ತಿದ್ದ ನಮ್ಮ ಗೌಂಡಿ ಕಾಕಾಗೆ, "ಸಿಮೆಂಟಿನ ರಸೀದಿ ಹಿಡದು ಫೋಟೋ ಕಳಸ್ರಿ" ಎಂದವನು ಗುತ್ತಿಗೆದಾರರ ಆಫೀಸಿನಲ್ಲಿ ಲೆಕ್ಕ ಬರೆಯುವ ನಾನೇ. ಪ್ರತಿ ಫೋಟೋದಲ್ಲೂ ಮೊತ್ತದ ಮೇಲೆ ಕಾಕಾನ ಬಿರುಕುಬಿಟ್ಟ ಹೆಬ್ಬೆರಳು! ಲೆಕ್ಕದ ಸಾಫ್ಟ್‌ವೇರ್ ಒಂದನ್ನೂ ಒಪ್ಪಲಿಲ್ಲ. "ಇವತ್ತ ಲೆಕ್ಕ ಮುಗೀಲಿಲ್ಲಂದ್ರ ನಾಳಿಂದ ಇಟ್ಟಂಗಿ ಹೊರು" ಎಂದು ಆಫೀಸಿನ ಮಾಲೀಕರು ನನ್ನ ಮೇಲೆ ಹರಿಹಾಯ್ದರು. ಕಾಕಾನನ್ನು ವಿಡಿಯೋ ಕಾಲ್‌ನಲ್ಲಿ ಕೇಳಿದರೆ, ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡು ಯಾವಾಗಲೂ ಒಂದೇ ಮಾತು: "ಹೇಳಿದಂಗ ಮಾಡೇನಿ ನೋಡು."

ಕೊನೆಗೆ ನಾನೇ ಅಲ್ಲಿಗೆ ಹೋದೆ. ಕಾಕಾ ಮೊತ್ತದ ಮೇಲೆ ಹೆಬ್ಬೆರಳಿಟ್ಟೇ ಇನ್ನೊಂದು ರಸೀದಿ ಹಿಡಿದು ನಿಂತಿದ್ದರು. ಕೂಲಿಯವರೆಲ್ಲ ನಗುವಂತೆ ಕಾಕಾನ ದನಿಯಲ್ಲೇ "ಹೇಳಿದಂಗ ಮಾಡೇನಿ" ಎಂದು ಅಣಕಿಸಿ, "ಕೈ ಬಿಡ್ರಿ ಕಾಕಾ!" ಎಂದು ಕಿರುಚಿದೆ.

ಬಿಟ್ಟರು. ರಸೀದಿ ಹಾರಿ ಕಲಸಿಟ್ಟ ಸಿಮೆಂಟಿನಲ್ಲಿ ಬಿತ್ತು.

"ಹಿಡಿ ಅಂದಿ, ಹಿಡದೆ. ಬಿಡು ಅಂದಿ, ಬಿಟ್ಟೆ. ನನ್ನ ದನಿ ಸಾಕು ತಮ್ಮಾ, ಒಮ್ಮೆ ನಿನ್ನ ದನ್ಯಾಗ ಸರಿಯಾಗಿ ಹೇಳು."