ದೊಡ್ಡಪ್ಪನ ಪಾಲಿನ ರಮ್ಮು

ದೊಡ್ಡಪ್ಪ ಕುಡಿಯುವುದನ್ನು ನಾನು ನೋಡಿದ್ದೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ. ದೊಮ್ಮಲೂರಿನ ಹಳೇ ಮನೆಯ ಜಗಲಿ, ಸಂಜೆ, ಅವರ ಕೈಯಲ್ಲಿ ಗಾಜಿನ ಲೋಟ, ಅದರಲ್ಲಿ ಕಂದು ಬಣ್ಣದ್ದೇನೋ. ಇಷ್ಟು ನೆನಪಿದೆ. ಅದು ರಮ್ಮೂ ಇರಬಹುದು, ಹಾಲಿಲ್ಲದ ಟೀನೂ ಇರಬಹುದು. ಲೋಟವೇ ಇರಲಿಲ್ಲ, ಅಣ್ಣಂದಿರು ಹೇಳಿ ಹೇಳಿ ನನ್ನ ತಲೆಯೊಳಗೆ ಅದನ್ನು ಇಟ್ಟರು ಎಂದೂ ಇರಬಹುದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಕಲಿತದ್ದು ಎಲ್ಲವನ್ನೂ ಅನುಮಾನಿಸುವುದು. ಊಟಕ್ಕೆ ಕರೆದರೆ ಮಾತ್ರ ಅನುಮಾನಿಸದೆ ಹೋಗುತ್ತಿದ್ದೆ.

ದೊಡ್ಡಪ್ಪ ಸೈನ್ಯದಲ್ಲಿದ್ದವರು. ಅವರು ತೀರಿಕೊಂಡ ಮೇಲೆ, ಪ್ರತಿ ಮಹಾಲಯ ಅಮಾವಾಸ್ಯೆಗೆ ಅವರ ಇಬ್ಬರು ಗಂಡುಮಕ್ಕಳು ಫೋಟೋ ಮುಂದೆ ಎಡೆ ಇಡುತ್ತಿದ್ದರು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಪಕ್ಕದಲ್ಲಿ ಒಂದು ಲೋಟ ಮಿಲ್ಟ್ರಿ ರಮ್ಮು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ. ಬಾಗಿಲು ತೆಗೆದ ಕೂಡಲೇ ದೊಡ್ಡಣ್ಣ ಲೋಟಕ್ಕೆ ಬಗ್ಗಿ, "ನೋಡ್ರೋ, ಒಂದು ಬೆರಳು ಇಳಿದಿದೆ" ಎನ್ನುತ್ತಿದ್ದ. ಮುದ್ದೆ ಮಾತ್ರ ಯಾವ ವರ್ಷವೂ ಕರಗಿದ್ದಿಲ್ಲ. ಬಾಟಲಿಯಲ್ಲಿ ಉಳಿದದ್ದನ್ನು ಪ್ರಸಾದವೆಂದು ಅಣ್ಣತಮ್ಮಂದಿರು ಮಹಡಿಗೆ ಒಯ್ಯುತ್ತಿದ್ದರು. ಪಿತೃಭಕ್ತಿ ಅಷ್ಟು ಬೇಗ ತಲೆಗೇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೊಡ್ಡಮ್ಮ ಒಬ್ಬರೇ ಪ್ರತಿ ವರ್ಷ ಜಗಳ ತೆಗೆಯುತ್ತಿದ್ದರು.

"ಅವ್ರು ಮುಟ್ತಿರ್ಲಿಲ್ಲ ಕಣ್ರೋ. ಮದ್ವೆಯಾದ ಹೊಸ್ದರಲ್ಲೇ ನನ್ ಕೈ ಹಿಡ್ಕೊಂಡು ಆಣೆ ಮಾಡಿದ್ರು."

"ನೀನು ಇಲ್ಲಿದ್ದೆ, ಅಪ್ಪ ಬಾರ್ಡರ್‌ನಲ್ಲಿದ್ರು. ಆ ಚಳೀಲಿ ಆಣೆ ಬೆಚ್ಚಗಿಡುತ್ತೇನಮ್ಮ?" ಎನ್ನುತ್ತಿದ್ದ ದೊಡ್ಡಣ್ಣ. ಸೊಸೆಯರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಸಲದ ಅಮಾವಾಸ್ಯೆಯಂದು ದೊಡ್ಡಮ್ಮ ಜಗಳವಾಡಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದರು. "ನೀನು ಓದಿದೋನು. ಅವ್ರ ಜೊತೇಲಿ ಇದ್ದೋರು ಯಾರಾದ್ರೂ ಬದ್ಕಿದ್ರೆ ಹುಡುಕ್ಕೊಂಡು ಬಾ. ಅವ್ರು ನಂಗೆ ಸುಳ್ಳು ಹೇಳಿದ್ರಾ ಅಂತ ಗೊತ್ತಾಗ್ಬೇಕು. ಕುಡೀತಿದ್ರು ಅಂದ್ರೆ ಹಾಗೇ ಹೇಳು, ಪರ್ವಾಗಿಲ್ಲ." ಪರವಾಗಿಲ್ಲ ಎನ್ನುವ ದನಿ ಅದಾಗಿರಲಿಲ್ಲ.

ದೊಡ್ಡಪ್ಪನ ಕರೀ ಟ್ರಂಕಿನ ಮೇಲೆ ಬಿಳೀ ಬಣ್ಣದಲ್ಲಿ ಸೈನ್ಯದ ನಂಬರು ಬರೆದಿತ್ತು. ಅದನ್ನು ನಮೂದಿಸಿ ಅವರ ದಳದ ದಾಖಲೆ ಕಚೇರಿಗೆ ಅರ್ಜಿ ಹಾಕಿದೆ. ನಾನು ಮರೆತೇಬಿಟ್ಟಿದ್ದಾಗ ಉತ್ತರ ಬಂತು: ಸೇರಿದ ದಿನ, ಬಿಟ್ಟ ದಿನ, ಕೆಲಸ ಬಡಗಿ, ಎತ್ತರ, ಭುಜದ ಮೇಲಿನ ಮಚ್ಚೆ, ನಡತೆ ಬಹಳ ಒಳ್ಳೆಯದು. ಸರ್ಕಾರಕ್ಕೆ ಮಚ್ಚೆ ಗೊತ್ತಿತ್ತು, ಲೋಟ ಗೊತ್ತಿರಲಿಲ್ಲ. ದೊಡ್ಡಣ್ಣ ಓದಿ, "ನಡತೆ ಒಳ್ಳೇದು ಅಂದ್ರೆ ಕುಡಿದ್ರೂ ಗಲಾಟೆ ಮಾಡ್ತಿರ್ಲಿಲ್ಲ ಅಂತ" ಎಂದು ವ್ಯಾಖ್ಯಾನ ಕೊಟ್ಟ. ನನ್ನ ಪ್ರೊಫೆಸರುಗಳೂ ಶಾಸನಗಳನ್ನು ಹೀಗೇ ಓದುತ್ತಿದ್ದರು.

ಇನ್ನು ಉಳಿದದ್ದು ಮನುಷ್ಯರು. ಮಾಜಿ ಸೈನಿಕರು ಗುಂಪಾಗಿ ಎಲ್ಲಿ ಸಿಗುತ್ತಾರೆ? ಮಿಲ್ಟ್ರಿ ಕ್ಯಾಂಟೀನಿನಲ್ಲಿ, ರಮ್ಮಿನ ಸಾಲಿನಲ್ಲಿ. ಒಬ್ಬರು ಕುಡಿಯುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ನಾನು ಹಲಸೂರಿನ ಕಡೆ ಆ ಸಾಲಿನುದ್ದಕ್ಕೂ ಫೋಟೋ ಹಿಡಿದು ಓಡಾಡಿದೆ. ಮಂಕಿ ಕ್ಯಾಪು, ಪ್ಲಾಸ್ಟಿಕ್ ಬುಟ್ಟಿ, ತಮಿಳು, ಉರ್ದು, ಕನ್ನಡ. ದೊಡ್ಡಪ್ಪ ಎಲ್ಲರಿಗೂ ಗೊತ್ತು!

"ಅರೆ, ಇವ್ರಾ! ಏನ್ ಕುಡೀತಿದ್ರು ಸಾರ್, ಹುಲಿ ಹುಲಿ!"

"ಏನು ಕೆಲ್ಸ ಮಾಡ್ತಿದ್ರು?"

"ಫಿರಂಗಿ ಹೊಡೀತಿದ್ರು."

ಸತ್ತ ಸೈನಿಕನನ್ನು ಹೊಗಳಲು ಅವರಿಗೆ ಬೇರೆ ಮಾತೇ ಗೊತ್ತಿರಲಿಲ್ಲ.

ಮುಂದೊಂದು ತಿಂಗಳು ಮತ್ತೆ ಹೋದಾಗ, ಪುಲಿಕೇಶಿನಗರದ ಸೊಟ್ಟ ಮೂಗಿನ ಮುದುಕರೊಬ್ಬರು ಫೋಟೋವನ್ನು ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದು, "ಎಡಗೈ ಬಡಗಿ ಅಲ್ವಾ?" ಎಂದರು. ದೊಡ್ಡಪ್ಪ ಗರಗಸ ಹಿಡಿಯುತ್ತಿದ್ದದ್ದು ಎಡಗೈಯಲ್ಲೇ. ಫೋಟೋದಲ್ಲಿ ಅದು ಕಾಣುವುದಿಲ್ಲ. ಕುಡಿಯುತ್ತಿದ್ದರಾ ಎಂದು ಕೇಳಿದೆ.

"ಅವ್ನಾ? ಇಲ್ಲಪ್ಪಾ, ತೊಟ್ಟೂ ಇಲ್ಲ. ರೇಷನ್ನಲ್ಲಿ ಬರ್ತಿದ್ದ ಅವ್ನ್ ಪೆಗ್ಗು ನನಗೆ, ನನ್ ಸಕ್ಕರೆ ಅವ್ನಿಗೆ. ಟೀನ ಪಾಯಸ ಮಾಡ್ಕೊಂಡು ಕುಡೀತಿದ್ದ, ಕಳ್ಳ."

ಮುಂದಿನ ಮಹಾಲಯ ಅಮಾವಾಸ್ಯೆಗೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು, ರಸ್ತೆ ಕಾಮಗಾರಿಯ ಧೂಳು ನುಂಗುತ್ತ ದೊಮ್ಮಲೂರಿಗೆ ಕರೆತಂದೆ. ಎಡೆಯ ಮುಂದೆ ನಿಂತು ಅವರು ಅದೇ ಮಾತು ಹೇಳಿದರು. ಸೊಸೆಯರು ನಗಲಿಲ್ಲ. ದೊಡ್ಡಣ್ಣ, "ಸರಿ ಬಿಡಿ, ಬದುಕಿದ್ದಾಗ ಕುಡೀಲಿಲ್ಲ. ಸತ್ತ ಮೇಲೂ ಕುಡೀಬಾರ್ದು ಅಂತ ಎಲ್ಲಿದೆ?" ಎಂದ.

ದೊಡ್ಡಮ್ಮ ಬಗ್ಗಿ, ಎಡೆಯಿಂದ ಲೋಟ ಎತ್ತಿ ಮುದುಕರ ಕೈಗಿಟ್ಟರು. "ತಗೊಳ್ಳಣ್ಣ. ಇದು ಮೊದ್ಲಿಂದ್ಲೂ ನಿಮ್ದೇ ಅಲ್ವಾ." ಒಳಗಿನಿಂದ ಸಕ್ಕರೆ ಡಬ್ಬಿಯನ್ನೇ ತಂದು ಖಾಲಿ ಜಾಗದಲ್ಲಿ ಇಟ್ಟರು, ಮುಚ್ಚಳ ತೆಗೆದು. ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದಾಗ ಅಣ್ಣಂದಿರ ಮುಖದಲ್ಲಿದ್ದ ದುಃಖವನ್ನು ನಾನು ದೊಡ್ಡಪ್ಪನ ಹೆಣದ ಮುಂದೆಯೂ ಕಂಡಿರಲಿಲ್ಲ. ಅಥವಾ ನನಗೆ ಹಾಗೆ ನೆನಪು.

ಆದರೂ ಅನುಮಾನ ಬಿಡಲಿಲ್ಲ. ವಿಧವೆಗೆ ಬೇಕಾದ್ದನ್ನು ಹೇಳಿ ಮುದುಕರು ಒಂದು ಲೋಟ ಗಿಟ್ಟಿಸಿಕೊಂಡಿದ್ದರೆ? ಅವರಿಗೆ ತಿಳಿಸದೆ, ಸಾಲಿನಲ್ಲಿದ್ದ ಬೇರೆಯವರಿಂದ ಸುಳಿವು ಹಿಡಿದು, ಅದೇ ತುಕಡಿಯ ಇನ್ನೊಬ್ಬರನ್ನು ಕೆ.ಆರ್. ಪುರದಲ್ಲಿ ಪತ್ತೆ ಮಾಡಿದೆ. ರಮ್ಮಿನ ಸುದ್ದಿಯನ್ನೇ ಎತ್ತದೆ, ಫೋಟೋ ತೋರಿಸಿ, ಮನುಷ್ಯ ಹೇಗಿದ್ದರು ಎಂದಷ್ಟೇ ಕೇಳಿದೆ.

ಅವರ ಮುಖ ಗಂಟಾಯಿತು. "ತಾನೂ ಕುಡೀತಿರ್ಲಿಲ್ಲ, ನಮಗೂ ಕೊಡ್ತಿರ್ಲಿಲ್ಲ. ಎಲ್ಲಾ ಆ ಸೊಟ್ಟ ಮೂಗಿನೋನಿಗೇ ಸುರೀತಿದ್ದ."