ಸುಣ್ಣದ ಗೆರೆ ಒಳಗೆ ಬಂತು, ಬೈಗುಳ ಬೌಲರ್‌ಗೆ ಬಿತ್ತು

ಬೆಳಿಗ್ಗೆ ಆರು ಗಂಟೆ. ನ್ಯಾಮತಿಯ ಮೈದಾನದಲ್ಲಿ ಕರಿಬಸಮ್ಮ ಸುಣ್ಣದ ಬಕೆಟ್ ಹಿಡಿದು, ಬಗ್ಗಿಕೊಂಡೇ ಹಿಂದಕ್ಕೆ ನಡೆಯುತ್ತಿದ್ದಾರೆ. ಬೆರಳ ಸಂದಿಯಿಂದ ಪುಡಿ ಒಂದೇ ಸಮ ಇಳಿದು ಬೌಂಡರಿ ಗೆರೆ ಮೂಡುತ್ತದೆ. ಚನ್ನಗಿರಿ, ಹೊನ್ನಾಳಿ, ಜಗಳೂರು, ಎಲ್ಲಿ ಟೆನಿಸ್‌ಬಾಲ್ ಟೂರ್ನಿ ಇದ್ದರೂ ಗೆರೆ ಇವರದೇ. ಅಂಗೈ ಸುಟ್ಟು ಬಿರುಕು ಬಿಟ್ಟಿದೆ.

"ಅಕ್ಕಾ, ಇನ್ನೊಂದೀಟು ಒಳಗೆ ಎಳೀರಿ. ಯೂಟ್ಯೂಬ್‌ನಾಗೆ ಲೈವ್ ಐತೆ, ಸಿಕ್ಸ್ ಬೀಳ್ಬೇಕು," ಎಂದು ಕೂಗುತ್ತಾರೆ ಸಂಘಟಕ ವಿನಯ್ ಕುಮಾರ್.

"ಹಿಂಗೇ ಎಳೀತಾ ಹೋದ್ರೆ ವಿಕೆಟ್ ಸುತ್ತಾನೇ ಹಾಕ್ಬೇಕಾಗ್ತೈತೆ ನೋಡಪ್ಪ!"

ಸುಣ್ಣ ಬಿದ್ದ ಕಡೆ ಹುಲ್ಲು ಸುಟ್ಟು, ಹಳೆಯ ಗೆರೆಗಳ ಗುರುತು ಒಂದರ ಹೊರಗೊಂದು ಹಾಗೇ ಉಳಿದಿದೆ. ತೀರಾ ಹೊರಗಿನದು ಹತ್ತು ವರ್ಷ ಹಳೆಯದು. ಆಗಿನ ಸ್ಕೋರ್‌ಗಳನ್ನೆಲ್ಲ ಈ ವರದಿಗಾಗಿ ನಾನು ಫೋನಿನಲ್ಲಿ ಕೂಡಿಸಿ ಭಾಗಿಸಿದೆ: ಎಂಟು ಓವರಿಗೆ ಸರಾಸರಿ 58 ರನ್. ಹೋದ ವರ್ಷ 97! ಬ್ಯಾಟ್ ದಪ್ಪವಾಗಿದೆ, ಹುಡುಗರು ಮೊದಲ ಬಾಲಿನಿಂದಲೇ ಬೀಸುತ್ತಾರೆ, ಒಪ್ಪೋಣ. ಆದರೆ ಹೋದ ವರ್ಷದ ಫೈನಲ್‌ನಲ್ಲಿ ನಾನೇ ನಿಂತು ನೋಡಿದ್ದೇನೆ, ಹದಿನೈದು ಸಿಕ್ಸರ್‌ಗಳಲ್ಲಿ ಎಂಟು ಬಿದ್ದದ್ದು ಆ ಹಳೆಯ ಗೆರೆಯ ಒಳಗೆ. ಅಲ್ಲೊಬ್ಬ ಫೀಲ್ಡರ್ ಇದ್ದಿದ್ದರೆ ಕ್ಯಾಚ್! ಮೈಕಿನಲ್ಲಿ ಮಾತ್ರ "ಈಗಿನೋರಿಗೆ ಬೌಲಿಂಗೇ ಬರಲ್ಲ" ಎಂಬ ನಗೆ. ಮೈ ಉರಿಯುತ್ತದೆ.

ಕರಿಬಸಮ್ಮನಿಗೆ ಇನ್ನೂ ಉರಿ. ಮಗ ಪರಮೇಶ್ ಸ್ಪಿನ್ನರ್. ಹಳೆಯ ಗೆರೆಯಿದ್ದಾಗ ಓವರಿಗೆ ಆರು ರನ್ ಕೊಡುತ್ತಿದ್ದವನು ಈಗ ಹನ್ನೊಂದು ಕೊಡುತ್ತಾನೆ. ಈಗ ಎಲ್ಲರ ಸರಾಸರಿ ಹನ್ನೆರಡು, ಅವನದು ಇವತ್ತಿಗೂ ಕಡಿಮೆಯೇ. ಅದನ್ನು ಯಾರು ನೋಡುತ್ತಾರೆ? ಜಗಳೂರಿನ ಟೂರ್ನಿಗೆ ಹೋಗುವ ಊರ ತಂಡದ ಆಯ್ಕೆ ಇವತ್ತೇ, ಆರಿಸುವವರೂ ವಿನಯ್ ಕುಮಾರ್.

"ಗೆರೆ ಹಾಕೋಳು ನಾನು, ಹೊಡಿಸ್ಕಳೋನು ನನ್ನ ಮಗ. ನನ್ನ ಕೈಯಾಗೇ ಅವನ ಕುತ್ತಿಗೆ ಕುಯ್ಸ್ತಾರೆ. ಹಾಕಲ್ಲ ಅಂದ್ರೆ ನಾಳೆ ಬೇರೆಯೋರು ಬರ್ತಾರೆ, ಅಷ್ಟೇಯ."

ಸಂಜೆ ವಿನಯ್ ಕುಮಾರ್ ಹೆಸರು ಓದುತ್ತಾರೆ. ಪರಮೇಶ್ ಇಲ್ಲ. "ರನ್ ಜಾಸ್ತಿ ಕೊಡ್ತಾನೆ" ಎಂಬುದು ಕಾರಣ. ಕರಿಬಸಮ್ಮ ಸೀದಾ ಎದುರಿಗೆ ಹೋಗಿ ನಿಲ್ಲುತ್ತಾರೆ.

"ಹಳೇ ಗೆರೆ ಮ್ಯಾಲೆ ಒಂದು ಮ್ಯಾಚ್ ಆಡಿಸಿ ನೋಡ್ರಿ."

"ಜನ ಸಿಕ್ಸ್ ನೋಡಾಕೆ ಬರ್ತಾರೆ ಕಣಕ್ಕ, ನಿನ್ನ ಮಗನ ಸ್ಪಿನ್ ನೋಡಾಕಲ್ಲ."

ಸುತ್ತ ನಿಂತವರು ನಗುತ್ತಾರೆ. ಕರಿಬಸಮ್ಮ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಸಿಕ್ಸ್ ಹೊಡಿಸ್ಕಂಡ ಮ್ಯಾಲೂ ಮುಂದಿನ ಬಾಲ್ ಹೆದ್ರಿ ಜೋರಾಗಿ ಎಸೆಯಲ್ಲ ನನ್ನ ಮಗ. ಇನ್ನೂ ಮ್ಯಾಲಕ್ಕೆ ಎತ್ತಿ ಹಾಕ್ತಾನೆ. ಬರಿಯೋದಿದ್ರೆ ಅದನ್ನ ಬರಿ, ತಾಯಿ."